ಕುಲುಮೆಯ ಪ್ರಶ್ನೆಗಳು: ಜಪಾನಿನ ಕತ್ತಿ ಮತ್ತು ಇಂಗಾಲದ ಲೆಕ್ಕ

ಕಳೆದ ಸಂಚಿಕೆಯಲ್ಲಿ ಜಪಾನಿನ ಇಂದಿನ ಕತ್ತಿ ಕಮ್ಮಾರರ ಚಿತ್ರಪುಟ ಪ್ರಕಟವಾಗಿತ್ತು. ಅದನ್ನು ನೋಡಿ ಬರೆದ ಓದುಗರ ಪತ್ರಗಳಲ್ಲಿ ಕೆಲಸದ ವಿವರ ಕೇಳಿದವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಸಮುರಾಯ್ ಕಾಳಗದ ಕತೆ ಕೇಳಿದವರು ಕ್ಷಮಿಸಬೇಕು. ಈ ಸಲ ಜಾಗವೆಲ್ಲ ಕುಲುಮೆಗೆ.

ಪ್ರಶ್ನೆ: ಒಳ್ಳೆಯ ಉಕ್ಕು ಈಗ ಅಂಗಡಿಯಲ್ಲೇ ಸಿಗುತ್ತದೆ. ಹಾಗಿದ್ದೂ ಅಲ್ಲಿನವರು ಕಬ್ಬಿಣದ ಮರಳು ಕರಗಿಸಿ ಉಕ್ಕು ಮಾಡುವುದೇಕೆ? ಹಟವೇ? (ಹುಬ್ಬಳ್ಳಿ)

ಮೊದಲಿಗೆ ಒಂದು ತಿದ್ದುಪಡಿ. ಮರಳನ್ನು ಪೂರ್ತಿ ಕರಗಿಸಿ ಎರಕ ಹೊಯ್ಯುವುದಿಲ್ಲ. ಇದ್ದಿಲಿನ ಕಾವು ಮತ್ತು ಅನಿಲ ಸೇರಿ ಮರಳಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಉಳಿದ ಕಬ್ಬಿಣ ಇದ್ದಿಲಿನಿಂದ ಇಂಗಾಲ ಹೀರುತ್ತಾ ಕುಲುಮೆಯ ತಳದಲ್ಲಿ ಸ್ಪಂಜಿನಂಥ ಗಟ್ಟಿಯಾಗಿ ಬೆಳೆಯುತ್ತದೆ. ಆ ಗಟ್ಟಿಗೆ ಕೆರಾ ಎಂದು ಹೆಸರು, ಕುಲುಮೆಗೆ ತತಾರಾ. ಕೆರಾ ಒಡೆದಾಗ ಸಿಗುವ ಆಯ್ದ ಉಕ್ಕಿನ ತುಂಡುಗಳೇ ತಮಹಗನೆ.

ಕತ್ತಿ ಕಮ್ಮಾರರ ತಮಹಗನೆ ಮುಖ್ಯವಾಗಿ ಬರುವುದು ಶಿಮಾನೆ ಪ್ರಾಂತ್ಯದ ಒಕುಇಝುಮೊದಲ್ಲಿರುವ ನಿತ್ತೋಹೊ ತತಾರಾದಿಂದ. ಯುದ್ಧಾನಂತರ ನಿಂತುಹೋಗಿದ್ದ ಕುಲುಮೆಯನ್ನು ಜಪಾನಿನ ಕಲಾಖಡ್ಗ ಸಂರಕ್ಷಣಾ ಸಂಘ 1977ರಲ್ಲಿ ಮತ್ತೆ ಹೊತ್ತಿಸಿತು. ಉರಿಸುವುದು ಚಳಿಗಾಲದಲ್ಲಿ ಮಾತ್ರ. ಒಂದು ಸಲ ಹೊತ್ತಿಸಿದರೆ ಮೂರು ಹಗಲು ಮೂರು ರಾತ್ರಿ ಆರಿಸುವಂತಿಲ್ಲ. ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ಮರಳು, ಇದ್ದಿಲು ಹಾಕುತ್ತಲೇ ಇರಬೇಕು. ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಒಳಗೆ ಹೋಗಿ, ಕೊನೆಗೆ 2.5 ಟನ್ ತೂಗುವ ಒಂದು ಕೆರಾ ಹೊರಬರುತ್ತದೆ. ಅದರಲ್ಲೂ ಕತ್ತಿಗೆ ಒಗ್ಗುವ ಒಳ್ಳೆಯ ಉಕ್ಕು ಒಂದು ಟನ್ನಿನ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ.

ಕುಲುಮೆಯ ಗೋಡೆ ಮಣ್ಣಿನದು, ಮತ್ತು ಆ ಮಣ್ಣು ಬರೀ ಗೋಡೆಯಲ್ಲ. ಮರಳಿನ ಕಲ್ಮಷದೊಂದಿಗೆ ಬೆರೆತು ಕರಗಿ ಕಿಟ್ಟವಾಗಿ ಹರಿದುಹೋಗುವುದು ಅದರ ಕೆಲಸ. ಹಾಗಾಗಿ ಗೋಡೆ ಒಳಗಿನಿಂದ ಸವೆಯುತ್ತಾ ಬರುತ್ತದೆ. ಇನ್ನು ತಡೆಯದು ಎನ್ನುವಷ್ಟು ತೆಳುವಾದಾಗ ಕೆಲಸ ನಿಲ್ಲಿಸಿ, ಗೋಡೆ ಒಡೆದು ಕೆರಾ ಎಳೆಯುತ್ತಾರೆ. ಪ್ರತಿ ಸಲವೂ ಹೊಸ ಕುಲುಮೆ ಕಟ್ಟಲೇಬೇಕು. ಎಂಥ ಮಣ್ಣು ಎಂಬುದರ ಮೇಲೆ ಉಕ್ಕಿನ ಗುಣವೇ ನಿಂತಿರುವುದರಿಂದ ಮುರಗೆ, ಅಂದರೆ ಕುಲುಮೆಯ ಹಿರಿಯ, ಮೊದಲು ನೋಡುವುದು ಮಣ್ಣನ್ನು.

ಈಗ ನಿಮ್ಮ ಪ್ರಶ್ನೆಗೆ. ಹಟವಲ್ಲ, ಕಾರಣವಿದೆ. ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ, ಅಲ್ಲಿನ ಮರಳಿನಲ್ಲಿ ರಂಜಕವೂ ಕಡಿಮೆ. ಕಾರ್ಖಾನೆಯ ಉಕ್ಕಿನಲ್ಲಿ ಬೇಕೆಂದೇ ಸೇರಿಸುವ ಮ್ಯಾಂಗನೀಸ್ ತಮಹಗನೆಯಲ್ಲಿ ಇಲ್ಲವೆಂದೇ ಹೇಳಬಹುದು. ಮ್ಯಾಂಗನೀಸ್ ಇದ್ದರೆ ಉಕ್ಕು ಆಳದವರೆಗೆ ಗಡುಸಾಗುತ್ತದೆ. ಇಲ್ಲದಿದ್ದರೆ ಬೇಗ ತಣಿದ ಜಾಗವಷ್ಟೇ ಗಡುಸು, ಉಳಿದದ್ದು ಮೆತ್ತಗೆ. ಅಲಗಿನ ಬಾಯಿಯುದ್ದಕ್ಕೂ ಮಂಜಿನಂತೆ ಕಾಣುವ ಹಾಮೊನ್ ಗೆರೆ ಅಷ್ಟು ಸೂಕ್ಷ್ಮವಾಗಿ ಮೂಡುವುದು ಈ ಗುಣದಿಂದಲೇ.

ಪ್ರಶ್ನೆ: ಉಕ್ಕನ್ನು ಸಾವಿರ ಸಲ ಮಡಿಸುತ್ತಾರೆ, ಲಕ್ಷಾಂತರ ಪದರ ಇರುತ್ತದೆ ಎಂದು ಓದಿದ್ದೇನೆ. ನಿಜವೇ? ಹೆಚ್ಚು ಮಡಿಸಿದಷ್ಟೂ ಕತ್ತಿ ಗಟ್ಟಿಯೇ? (ತುಮಕೂರು)

ಎರಡೂ ನಿಜವಲ್ಲ. ಮಡಿಕೆ ಸಾಮಾನ್ಯವಾಗಿ 10ರಿಂದ 15. ಪ್ರತಿ ಮಡಿಕೆಗೂ ಪದರ ಇಮ್ಮಡಿಯಾಗುವುದರಿಂದ 10ಕ್ಕೆ 1,024, 13ಕ್ಕೆ 8,192, 15ಕ್ಕೆ 32,768. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಒಂದು ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಬೆಸುಗೆಯ ಕಾವಿನಲ್ಲಿ ಇಂಗಾಲ ಪದರದಿಂದ ಪದರಕ್ಕೆ ತಾನಾಗಿ ಹರಿದು ಸಮವಾಗಿಬಿಟ್ಟಿರುತ್ತದೆ. ಮಡಿಸುವುದೇ ಅದಕ್ಕಾಗಿ.

ತಮಹಗನೆಯ ತುಂಡು ಒಂದೇ ಸಮ ಇರುವುದಿಲ್ಲ. ಇಂಗಾಲ ಒಂದು ಕಡೆ ಶೇ. 1, ಪಕ್ಕದಲ್ಲೇ ಶೇ. 1.5. ನಡುನಡುವೆ ಕಿಟ್ಟ, ತೂತು. ಕಮ್ಮಾರ ಮೊದಲು ತುಂಡನ್ನು ಕಾಯಿಸಿ ಸುಮಾರು 5 ಮಿ.ಮೀ. ದಪ್ಪದ ಹಪ್ಪಳದಂತೆ ಬಡಿದು ನೀರಿಗೆ ಹಾಕುತ್ತಾನೆ. ಇಂಗಾಲ ಹೆಚ್ಚಿರುವ ಕಡೆ ಅದು ತಾನೇ ಬಿರಿಯುತ್ತದೆ. ಉಳಿದದ್ದನ್ನು ಸುತ್ತಿಗೆಯಿಂದ ಒಡೆದು 2-3 ಸೆಂ.ಮೀ. ಚೂರು ಮಾಡುತ್ತಾನೆ. ಚಕ್ಕನೆ ಮುರಿದು ಒಳಗೆ ಸಣ್ಣ ಹರಳಿನಂತೆ ಹೊಳೆದರೆ ಅಲಗಿನ ಹೊರಮೈಗೆ. ಬಾಗಿತೇ ಹೊರತು ಮುರಿಯಲಿಲ್ಲ ಎಂದರೆ ಇಂಗಾಲ ಕಡಿಮೆ, ಅದು ಒಳತಿರುಳಿನ ರಾಶಿಗೆ. ಈ ವಿಂಗಡಣೆಯಲ್ಲಿ ತಪ್ಪಿದರೆ ಮುಂದಿನ ತಿಂಗಳುಗಟ್ಟಲೆ ದುಡಿಮೆ ಅದನ್ನು ಸರಿಪಡಿಸಲಾರದು.

ಆರಿಸಿದ 2-3 ಕಿಲೋ ಚೂರುಗಳನ್ನು ಹಿಡಿಯಿರುವ ಉಕ್ಕಿನ ತಟ್ಟೆಯ ಮೇಲೆ ಸಂದಿಲ್ಲದಂತೆ ಜೋಡಿಸಿ, ಜಪಾನಿ ಕಾಗದದಲ್ಲಿ ಸುತ್ತಿ, ಮೇಲೆ ಹುಲ್ಲಿನ ಬೂದಿ ಹೊರಳಿಸಿ, ನೀರಾಗಿ ಕಲಸಿದ ಮಣ್ಣು ಸುರಿದು ಕುಲುಮೆಗೆ ಇಡುತ್ತಾರೆ. ಕಾಗದ ಚೂರುಗಳು ಜಾರದಂತೆ ಹಿಡಿದಿಡುತ್ತದೆ. ಬೂದಿ ಮತ್ತು ಮಣ್ಣು ಕರಗಿ ಗಾಜಿನಂಥ ಹೊದಿಕೆಯಾಗಿ ಗಾಳಿ ತಾಗದಂತೆ ಕಾಯುತ್ತವೆ. ಕಾವು ಸುಮಾರು 1,300 ಡಿಗ್ರಿಗೆ ಏರಬೇಕು, ಹೊರಗಷ್ಟೇ ಅಲ್ಲ, ನಟ್ಟನಡುವಿನ ಚೂರಿಗೂ. ಅವಸರದಲ್ಲಿ ತಿದಿ ಜೋರಾಗಿ ಒತ್ತಿದರೆ ಹೊರಮೈ ಉರಿದು ನಕ್ಷತ್ರದಂಥ ಕಿಡಿ ಚಿಮ್ಮುತ್ತದೆ, ಒಳಗಿನ್ನೂ ಬೆಸೆದಿರುವುದಿಲ್ಲ. ಕಿವಿಗೂ ಇಲ್ಲಿ ಕೆಲಸವಿದೆ: ಹೊದಿಕೆ ಕುದಿಯುವ ಸದ್ದು ಬದಲಾದದ್ದನ್ನು ಕೇಳಿ ಹೊರತೆಗೆಯುತ್ತಾರೆ. ಮೊದಲ ಪೆಟ್ಟು ಮೆಲ್ಲಗೆ ಬೀಳಬೇಕು. ಜೋರಾಗಿ ಹೊಡೆದರೆ ಗಟ್ಟಿ ಚದುರಿಹೋಗುತ್ತದೆ. ಬೆಸುಗೆ ಕಚ್ಚಿದ ಮೇಲಷ್ಟೇ ಸಮ್ಮಟಿಗೆಯ ನಿಜವಾದ ಏಟು.

ಆಮೇಲೆ ಉದ್ದ ಮಾಡು, ನಡುವೆ ಉಳಿಯಿಂದ ಕಚ್ಚು ಹಾಕು, ಮಡಿಸು, ಮತ್ತೆ ಬೂದಿ, ಮತ್ತೆ ಮಣ್ಣು. ಪ್ರತಿ ಸುತ್ತಿಗೂ ಹೊರಮೈ ಪೊರೆಯಾಗಿ ಉದುರಿ ತೂಕ ಇಳಿಯುತ್ತದೆ. ಕೊನೆಗೆ ಮೊದಲಿಟ್ಟ ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಕುಲುಮೆಯ ಪಾಲು. ಇಂಗಾಲವೂ ಸ್ವಲ್ಪಸ್ವಲ್ಪವೇ ಸುಟ್ಟುಹೋಗಿ ಶೇ. 1.3ರ ಸುತ್ತಮುತ್ತಲಿಂದ 0.7ರ ಬಳಿಗೆ ಬರುತ್ತದೆ. ಬಾಯಿಗೆ ಬೇಕಾದ ಹದ ಇದೇ. ಇನ್ನೂ ಐದಾರು ಸಲ ಮಡಿಸಿದಿರೋ, ಇಂಗಾಲ ಇನ್ನಷ್ಟು ಇಳಿದು ನೀರಿಗೆ ಹಾಕಿದಾಗ ಬಾಯಿ ಗಡುಸಾಗುವುದೇ ಇಲ್ಲ. ಹೆಚ್ಚು ಮಡಿಸಿದಷ್ಟೂ ಗಟ್ಟಿ ಎಂಬ ಮಾತು ಸುಳ್ಳಾಗುವುದು ಇಲ್ಲಿ. ಇಡೀ ಕಸುಬನ್ನು ಇಂಗಾಲದ ಲೆಕ್ಕವೆಂದೇ ನಾವು ನೋಡುತ್ತೇವೆ: ಎಲ್ಲಿ ಎಷ್ಟಿದೆ, ಎಷ್ಟು ಕಳೆಯಬೇಕು, ಎಲ್ಲಿ ನಿಲ್ಲಿಸಬೇಕು. ಆ ಲೆಕ್ಕ ಮಾಡುವುದು ಕಣ್ಣು ಮತ್ತು ಕಿವಿ.

ಪ್ರಶ್ನೆ: ಕತ್ತಿಯ ಒಳಗೆ ಬೇರೆ ಉಕ್ಕು ಇಡುತ್ತಾರಂತೆ? (ಮಡಿಕೇರಿ)

ಹೌದು, ಹೆಚ್ಚಿನವರು ಇಡುತ್ತಾರೆ. ಗಡುಸಾದ ಹೊರ ಉಕ್ಕನ್ನು ಇಂಗ್ಲಿಷಿನ ‘ಯು’ ಅಕ್ಷರದಂತೆ ಬಗ್ಗಿಸಿ, ನಡುವೆ ಇಂಗಾಲ ಕಡಿಮೆಯಿರುವ ಮೆತ್ತನೆಯ ತಿರುಳು ಕೂರಿಸಿ ಬೆಸೆಯುವುದು ಸಾಮಾನ್ಯ ಕ್ರಮ, ಕೊಬುಸೆ ಎನ್ನುತ್ತಾರೆ. ಬಾಯಿ ಹರಿತ ಉಳಿಸಿಕೊಳ್ಳುತ್ತದೆ, ಒಳಗಿನ ತಿರುಳು ಪೆಟ್ಟು ತಾಳುತ್ತದೆ. ಕೂರಿಸುವಾಗ ತಿರುಳು ಓರೆಯಾದರೆ ಮುಂದೆ ಸಾಣೆಯಲ್ಲಿ ಅದು ಹೊರಮೈಗೆ ಇಣುಕುತ್ತದೆ.

ಪ್ರಶ್ನೆ: ನಮ್ಮದು ಕುಲುಮೆ ಮನೆತನ. ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಅಡಿಕೆ ತೋಟದ ಕತ್ತಿ ಮಾಡುತ್ತೇವೆ. ಜಪಾನಿನವರಂತೆ ಬೆನ್ನಿಗೆ ಮಣ್ಣು ಬಳಿದು ನೀರಿಗೆ ಅದ್ದಿ ನೋಡಿದೆ. ಬಾಯಿ ಸೀಳಿತು, ಗೆರೆಯೂ ಮೂಡಲಿಲ್ಲ. ತಪ್ಪು ಎಲ್ಲಿ? (ಸಾಗರ ತಾಲ್ಲೂಕು)

ನಿಮ್ಮ ಕೈಯಲ್ಲಿ ತಪ್ಪಿಲ್ಲ, ಉಕ್ಕು ಬೇರೆ ಜಾತಿಯದು. ಸ್ಪ್ರಿಂಗ್ ಪಟ್ಟಿಯಲ್ಲಿ ಶೇ. 0.6ರ ಆಸುಪಾಸು ಇಂಗಾಲದ ಜೊತೆಗೆ ಮ್ಯಾಂಗನೀಸ್, ಅದರ ಮೇಲೆ ಕ್ರೋಮಿಯಂ ಇಲ್ಲವೇ ಸಿಲಿಕಾನ್ ಸೇರಿರುತ್ತದೆ. ಇವು ಉಕ್ಕನ್ನು ನಿಧಾನವಾಗಿ ತಣಿದರೂ ಗಡುಸಾಗುವಂತೆ ಮಾಡುತ್ತವೆ. ನೀವು ಬಳಿದ ಮಣ್ಣು ಬೆನ್ನನ್ನು ನಿಧಾನವಾಗಿ ತಣಿಸಿದ್ದು ನಿಜ, ಆದರೆ ಆ ನಿಧಾನವೂ ಈ ಉಕ್ಕಿಗೆ ಸಾಕಾಯಿತು. ಬಾಯಿ, ಬೆನ್ನು ಎರಡೂ ಗಡುಸಾದ ಮೇಲೆ ಗೆರೆ ಎಲ್ಲಿಂದ ಬರಬೇಕು? ಸೀಳಿದ್ದು ನೀರಿನ ವೇಗಕ್ಕೆ.

ಈ ಪಟ್ಟಿಗೆ ಎಣ್ಣೆಯೇ ಸರಿ. ಎಣ್ಣೆಯನ್ನು 50-60 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ತಣ್ಣಗಿದ್ದರೆ ದಪ್ಪಗಾಗಿ ಸರಿಯಾಗಿ ಹರಿಯುವುದಿಲ್ಲ. ಪಾತ್ರೆಗೆ ಮುಚ್ಚಳ ಪಕ್ಕದಲ್ಲೇ ಇರಲಿ, ಎಣ್ಣೆ ಹೊತ್ತಿಕೊಳ್ಳುವುದುಂಟು. ಅಯಸ್ಕಾಂತಕ್ಕೆ ಅಂಟದಷ್ಟು ಕಾದು, ಅದಕ್ಕಿಂತ ತುಸು ಮೇಲೆ ಹೋದಾಗ ಅದ್ದಿ. ತಣಿದ ಕೂಡಲೇ, ಮರುದಿನಕ್ಕೆ ಬಿಡದೆ, 200ರಿಂದ 250 ಡಿಗ್ರಿಯಲ್ಲಿ ಒಂದೆರಡು ಗಂಟೆ ಹದಕ್ಕಿಡಿ. ಉಜ್ಜಿದ ಜಾಗದಲ್ಲಿ ಹುಲ್ಲುಹಳದಿಯಿಂದ ಕಂದು ಬಣ್ಣದ ನಡುವೆ ಕಂಡರೆ ತೋಟದ ಕತ್ತಿಗೆ ಸಾಕು. ಹಾಮೊನ್ ಗೆರೆಯೇ ಬೇಕೆಂದರೆ ಮ್ಯಾಂಗನೀಸ್ ಕಡಿಮೆಯಿರುವ ಬರೀ ಇಂಗಾಲದ ಉಕ್ಕು ಹುಡುಕಬೇಕು. ಹಳೆಯ ಒಳ್ಳೆಯ ಅರಗಳಲ್ಲಿ ಕೆಲವು ಹಾಗಿರುತ್ತವೆ. ಆದರೆ ಕೆಲವು ಅರಗಳ ಮೇಲ್ಪದರ ಮಾತ್ರ ಗಡುಸು, ಮುರಿದು ನೋಡಿ ತಿಳಿಯಿರಿ.

ಪ್ರಶ್ನೆ: ಜಪಾನಿನ ಕತ್ತಿಯ ಬಾಗು ಸುತ್ತಿಗೆಯಿಂದ ಮಾಡಿದ್ದೇ, ನೀರಿನಿಂದ ಬಂದದ್ದೇ? ಆ ಮಣ್ಣಿನಲ್ಲಿ ಏನಿರುತ್ತದೆ? (ಬೆಂಗಳೂರು)

ಬಾಗು ಎರಡರಿಂದಲೂ ಬರುತ್ತದೆ. ಬಡಿಯುವಾಗಲೇ ಸ್ವಲ್ಪ ಬಾಗು ಕೊಟ್ಟಿರುತ್ತಾರೆ, ಆದರೆ ಬೇಕಾದದ್ದಕ್ಕಿಂತ ಕಡಿಮೆ. ನೀರು ಎಷ್ಟು ಕೊಡುತ್ತದೆ ಎಂದು ಮೊದಲೇ ಊಹಿಸಿ ಅಷ್ಟನ್ನು ಕಳೆದಿರಬೇಕು.

ಮಣ್ಣಿನ ಮಿಶ್ರಣದಲ್ಲಿ ಮೂರು ಪದಾರ್ಥ: ಜೇಡಿ, ಇದ್ದಿಲಿನ ಪುಡಿ, ಸಾಣೆಕಲ್ಲಿನ ಪುಡಿ. ಪ್ರಮಾಣ ಒಬ್ಬೊಬ್ಬ ಕಮ್ಮಾರನದೂ ಬೇರೆ. ಜೇಡಿ ಹಿಡಿದುಕೊಳ್ಳುತ್ತದೆ, ಇದ್ದಿಲು ಕಾವು ದಾಟುವುದನ್ನು ಹತೋಟಿಯಲ್ಲಿಡುತ್ತದೆ, ಕಲ್ಲಿನ ಪುಡಿ ಒಣಗುವಾಗ ಬಿರುಕು ಬಿಡದಂತೆ ತಡೆಯುತ್ತದೆ. ಅಲಗಿನಲ್ಲಿ ಬೆರಳಚ್ಚಿನಷ್ಟು ಜಿಡ್ಡಿದ್ದರೂ ಅಲ್ಲಿ ಮಣ್ಣು ನಿಲ್ಲದು, ಹಾಗಾಗಿ ಮೊದಲು ಬೂದಿಯಿಂದ ಉಜ್ಜಿ ತೊಳೆಯುತ್ತಾರೆ. ಬಾಯಿಯ ಕಡೆ ತೆಳು ಲೇಪ, ಬೆನ್ನಿಗೆ ಕೆಲವು ಮಿಲಿಮೀಟರ್ ದಪ್ಪ. ದಪ್ಪ ಮತ್ತು ತೆಳು ಸೇರುವ ಅಂಚನ್ನು ಅಲೆಯಾಗಿಯೋ ನೇರವಾಗಿಯೋ ಎಳೆದರೆ ಹಾಮೊನ್ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮೂಡುತ್ತದೆ. ಬಾಯಿಗೆ ಅಡ್ಡಲಾಗಿ ಸಣ್ಣಸಣ್ಣ ಮಣ್ಣಿನ ಗೆರೆಗಳನ್ನೂ ಎಳೆಯುವುದುಂಟು. ಗಡುಸಾದ ಬಾಯಿಯ ನಡುವೆ ಅಲ್ಲಲ್ಲಿ ಮೆತ್ತನೆಯ ಸಂದುಗಳಾಗಿ, ಬಾಯಿ ಚಕ್ಕೆ ಎದ್ದರೂ ಅಲ್ಲಿಗೇ ನಿಲ್ಲಲಿ ಎಂಬ ಎಚ್ಚರಿಕೆ ಅದು.

ಮಣ್ಣು ಪೂರ್ತಿ ಒಣಗಿದ ಮೇಲೆ ರಾತ್ರಿ, ದೀಪ ಆರಿಸಿ ಕಾಯಿಸುತ್ತಾರೆ. ಕತ್ತಲು ಶಾಸ್ತ್ರಕ್ಕಲ್ಲ, ಉಕ್ಕಿನ ಬಣ್ಣ ನೋಡುವುದಕ್ಕೆ. 750-800 ಡಿಗ್ರಿಯ ಬಣ್ಣ ಹಗಲಿನಲ್ಲಿ ಒಂದು ತರಹ, ಕತ್ತಲಲ್ಲಿ ಇನ್ನೊಂದು ತರಹ. ಬುಡದಿಂದ ತುದಿಯವರೆಗೆ ಒಂದೇ ಬಣ್ಣ ಬರಬೇಕು. ತುದಿ ತೆಳು, ಬೇಗ ಅತಿಯಾಗಿ ಕಾಯುತ್ತದೆ. ಕಾವು ಕಡಿಮೆಯಾದರೆ ಗೆರೆ ಅಲ್ಲಲ್ಲಿ ಕಡಿಯುತ್ತದೆ. ಹೆಚ್ಚಾದರೆ ಹರಳು ಒರಟಾಗಿ ಅಲಗು ಸೀಳುತ್ತದೆ.

ನೀರಿಗಿಳಿದ ಕ್ಷಣ ಬಾಯಿ ಮೊದಲು ತಣಿದು ಕುಗ್ಗುವುದರಿಂದ ಕತ್ತಿ ಬಾಯಿಯ ಕಡೆಗೇ, ಅಂದರೆ ಉಲ್ಟಾ ಬಾಗುತ್ತದೆ. ಮರುಗಳಿಗೆ ಬಾಯಿಯ ಉಕ್ಕು ಮಾರ್ಟೆನ್ಸೈಟ್ ಎಂಬ ಗಡುಸು ರೂಪಕ್ಕೆ ತಿರುಗಿ ಹಿಗ್ಗುತ್ತದೆ. ಆಗ ಕತ್ತಿ ಬೆನ್ನಿನ ಕಡೆಗೆ ಬಾಗಿ ನಿಲ್ಲುತ್ತದೆ. ಹೆಚ್ಚುವ ಬಾಗು ಸುಮಾರು ಒಂದು ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಬಾಯಿಯ ಗಡುಸುತನ ರಾಕ್‌ವೆಲ್ ಸಿ ಮಾಪನದಲ್ಲಿ 60ರ ಹತ್ತಿರ, ಬೆನ್ನಿನದು 40 ಅಥವಾ ಅದಕ್ಕಿಂತ ಕಡಿಮೆ. ಒಂದೇ ಅಲಗಿನೊಳಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಎಳೆತ. ಅದು ಮಿತಿ ಮೀರಿದರೆ ಬಾಯಿಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಬಿರುಕು ಬೀಳುತ್ತದೆ: ಹಗಿರೆ. ಅದಕ್ಕೆ ಮದ್ದಿಲ್ಲ, ಆ ಕತ್ತಿ ಮುಗಿಯಿತು. ಉಳಿದುಕೊಂಡ ಅಲಗನ್ನು ಹದವಾಗಿ ಬಿಸಿ ಮಾಡಿ ಬಿಗುವು ಇಳಿಸುತ್ತಾರೆ, ಬಾಗು ಕಡಿಮೆ ಎನಿಸಿದರೆ ಕೆಂಪಗೆ ಕಾದ ತಾಮ್ರದ ದಿಮ್ಮಿಯ ಮೇಲೆ ಬೆನ್ನನ್ನು ಒತ್ತಿ ತಿದ್ದುತ್ತಾರೆ.

ಪ್ರಶ್ನೆ: ಯಾರು ಬೇಕಾದರೂ ಅಲ್ಲಿ ಕತ್ತಿ ಮಾಡಬಹುದೇ? (ವಿಜಯಪುರ)

ಇಲ್ಲ. ಪರವಾನಗಿ ಇರುವ ಕಮ್ಮಾರನ ಬಳಿ ಸುಮಾರು ಐದು ವರ್ಷ ಶಿಷ್ಯನಾಗಿದ್ದು, ನಂತರ ಸಂಸ್ಕೃತಿ ಇಲಾಖೆ ನಡೆಸುವ ಎಂಟು ದಿನಗಳ ಶಿಬಿರದಲ್ಲಿ ಮೊದಲಿಂದ ಕೊನೆಯವರೆಗಿನ ಕೆಲಸ ಮಾಡಿ ತೋರಿಸಿ ತೇರ್ಗಡೆಯಾಗಬೇಕು. ಶಿಷ್ಯನ ಆರಂಭದ ವರ್ಷಗಳು ಪೈನ್ ಇದ್ದಿಲನ್ನು ಒಂದೇ ಅಳತೆಗೆ ಕತ್ತರಿಸುವುದರಲ್ಲೇ ಕಳೆಯುತ್ತವೆ. ಬೇಸರದ ಕೆಲಸ ಎನಿಸಬಹುದು, ಆದರೆ ಇದ್ದಿಲಿನ ಗಾತ್ರ ಏರುಪೇರಾದರೆ ಕಾವೂ ಏರುಪೇರು. ಬೆಸುಗೆಗೆ ದೊಡ್ಡ ತುಂಡು, ನೀರಿಗೆ ಹಾಕುವ ಮುಂಚಿನ ಕಾಯಿಸುವಿಕೆಗೆ ಸಣ್ಣ ತುಂಡು.

ಪರವಾನಗಿ ಸಿಕ್ಕ ಮೇಲೂ ಮಿತಿಯಿದೆ. ತಿಂಗಳಿಗೆ ಎರಡು ಉದ್ದ ಕತ್ತಿ, ಇಲ್ಲವೇ ಮೂರು ಗಿಡ್ಡ ಕತ್ತಿ, ಅದಕ್ಕಿಂತ ಹೆಚ್ಚಿಲ್ಲ. 60.6 ಸೆಂ.ಮೀ.ಗಿಂತ ಹೆಚ್ಚಿದ್ದರೆ ಉದ್ದ ಕತ್ತಿ. ಪ್ರತಿಯೊಂದಕ್ಕೂ ಸರ್ಕಾರಿ ನೋಂದಣಿ ಚೀಟಿ ಇರಬೇಕು. ಕಲಾಕೃತಿ ಎಂಬ ನೆಲೆಯಲ್ಲಿ ಮಾತ್ರ ಕತ್ತಿ ತಯಾರಿಕೆಗೆ ಅವಕಾಶವಿರುವುದರಿಂದ ಈ ಬಿಗಿ ಸರಿಯೆಂದೇ ನಮ್ಮ ಅನಿಸಿಕೆ. ಆದರೆ ತಿಂಗಳಿಗೆ ಎರಡೇ ಕತ್ತಿಯ ದುಡಿಮೆಯಲ್ಲಿ ಹೊಸಬರು ಸಂಸಾರ ತೂಗಿಸುವುದು ಕಷ್ಟ. ಅನೇಕರು ಅಡುಗೆ ಚಾಕು ಮಾಡಿ ಕುಲುಮೆ ಉಳಿಸಿಕೊಳ್ಳುತ್ತಾರೆ.

ಪ್ರಶ್ನೆ: ನಡುವೆ ಈ ವಿದ್ಯೆ ಅಳಿದಿತ್ತೇ? (ಮೈಸೂರು)

ಎರಡು ಸಲ ಅಳಿವಿನ ಅಂಚಿಗೆ ಬಂದಿತ್ತು. 1876ರಲ್ಲಿ ಸೊಂಟಕ್ಕೆ ಕತ್ತಿ ಕಟ್ಟುವುದನ್ನು ಸರ್ಕಾರ ನಿಷೇಧಿಸಿದಾಗ ಗಿರಾಕಿಗಳೇ ಇಲ್ಲವಾದರು. 1945ರ ಸೋಲಿನ ನಂತರ ತಯಾರಿಕೆಯೇ ನಿಂತಿತು. 1950ರ ದಶಕದಲ್ಲಿ ಅನುಮತಿಯೊಡನೆ ಮತ್ತೆ ಶುರುವಾಯಿತು. ಎರಡೂ ಸಲ ದಾಟಿ ಬಂದ ಮನೆತನಗಳಲ್ಲಿ ಗಸ್ಸಾನ್ ಒಂದು. ಮೂಲ ಈಶಾನ್ಯದ ಗಸ್ಸಾನ್ ಪರ್ವತದ ತಪ್ಪಲು. 19ನೇ ಶತಮಾನದಲ್ಲಿ ಸದಯೋಶಿ ಒಸಾಕಾಗೆ ಬಂದು ನೆಲೆಸಿದರು. ಅವರ ದತ್ತುಮಗ ಸದಕಝು (1836-1918) ಗಿರಾಕಿಯಿಲ್ಲದ ಕಾಲದಲ್ಲೂ ಬಿಡದೆ ದುಡಿದು 1906ರಲ್ಲಿ ಅರಮನೆಯ ಕಲಾವಿದರೆನಿಸಿದರು. ಇನ್ನೊಬ್ಬ ಸದಕಝು (1907-1995) 1971ರಲ್ಲಿ ‘ಜೀವಂತ ರಾಷ್ಟ್ರನಿಧಿ’ ಗೌರವ ಪಡೆದರು. ಅವರ ಮಗ ಸದತೋಶಿ, ಮೊಮ್ಮಗ ಸದನೊಬು ಕುಲುಮೆ ಮುಂದುವರಿಸಿದವರು. ಅದು ನಾರಾ ಪ್ರಾಂತ್ಯದ ಸಕುರಾಯಿಯಲ್ಲಿದೆ. ಅಲಗಿನ ಮೈಯಲ್ಲಿ ಉದ್ದಕ್ಕೂ ಒಂದೇ ಸಮ ಏರಿಳಿಯುವ ಅಲೆಗಳ ವಿನ್ಯಾಸ, ಅಯಸುಗಿ, ಈ ಮನೆತನದ ಗುರುತು.

ಪ್ರಶ್ನೆ: ನಮ್ಮ ಕರ್ನಾಟಕದ ಉಕ್ಕೂ ಜಗತ್ಪ್ರಸಿದ್ಧ ಅಲ್ಲವೇ? ಜಪಾನಿನದ್ದಕ್ಕೆ ಹೋಲಿಸಿದರೆ? (ಮಧುಗಿರಿ)

ಹೌದು, ಹೆಮ್ಮೆಪಡಬೇಕಾದ್ದೇ. ಯುರೋಪಿನವರು ‘ವೂಟ್ಸ್’ ಎಂದು ಕರೆದ ಹೆಸರಿನ ಮೂಲ ದಕ್ಷಿಣದ ‘ಉಕ್ಕು’ ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕು ತಯಾರಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಆದರೆ ದಾರಿ ಪೂರ್ತಿ ಬೇರೆ. ನಮ್ಮವರು ಕಬ್ಬಿಣವನ್ನು ಸೌದೆ ಚೂರು, ಎಲೆಗಳ ಜೊತೆ ಮಣ್ಣಿನ ಮೂಸೆಯೊಳಗೆ ಮುಚ್ಚಿ ಕಾಯಿಸಿ, ಉಕ್ಕನ್ನು ಕರಗಿಸುತ್ತಿದ್ದರು. ಕರಗಿದಾಗ ಕಿಟ್ಟ ಮೇಲೆ ತೇಲಿ ಬೇರೆಯಾಗುತ್ತದೆ, ಆದ್ದರಿಂದ ಮಡಿಸಿ ಶುದ್ಧ ಮಾಡುವ ಅಗತ್ಯವಿಲ್ಲ. ಆ ಉಕ್ಕಿನ ಕತ್ತಿಯ ಮೈಮೇಲಿನ ನೀರಲೆ ಮಡಿಕೆಯದಲ್ಲ, ಗಟ್ಟಿಯೊಳಗೆ ಇಂಗಾಲ ಸಾಲುಗಟ್ಟಿ ಕಾಣುವುದು. ಜಪಾನಿನ ಉಕ್ಕು ಪೂರ್ತಿ ಕರಗಲಿಲ್ಲ, ಹಾಗಾಗಿ ಮಡಿಕೆ ಬೇಕಾಯಿತು. ಯಾವುದು ಮೇಲು ಎಂಬ ವಾದಕ್ಕಿಂತ, ಅಲ್ಲಿ ಕುಲುಮೆ ಇಂದಿಗೂ ಉರಿಯುತ್ತಿದೆ, ಇಲ್ಲಿ ಮೂಸೆ ಆರಿಹೋಯಿತು ಎಂಬ ಸಂಗತಿ ನಮ್ಮನ್ನು ಕಾಡಬೇಕು.

ಪ್ರಶ್ನೆ: ಹರಿತ ಮಾಡುವುದೂ ಅದೇ ಕಮ್ಮಾರನೇ? ಒರೆಗೆ ಯಾವ ಮರ? (ಉಡುಪಿ)

ಕಮ್ಮಾರ ಆಕಾರ ತಿದ್ದುವಷ್ಟು ಒರಟು ಸಾಣೆ ಮಾತ್ರ ಹಿಡಿಯುತ್ತಾನೆ. ಮುಂದಿನದು ತೊಗಿಶಿ, ಅಂದರೆ ಸಾಣೆಗಾರನದು. ಒರಟಿನಿಂದ ನಯದವರೆಗೆ ಒಂದೊಂದೇ ಕಲ್ಲು ಬದಲಿಸುತ್ತಾ, ಹಿಂದಿನ ಕಲ್ಲಿನ ಗೀರು ಒಂದೂ ಉಳಿಯದಂತೆ ಉಜ್ಜುತ್ತಾನೆ. ಕೊನೆಯ ಕಲ್ಲುಗಳು ಕ್ಯೋಟೊ ಬಳಿಯವು. ಅವನ್ನು ಕಾಗದದಷ್ಟು ತೆಳುವಾಗಿ ಅರೆದು, ಹಿಂದೆ ಕಾಗದ ಅಂಟಿಸಿ, ಹೆಬ್ಬೆರಳ ತುದಿಯಲ್ಲಿಟ್ಟು ತಿಕ್ಕುತ್ತಾನೆ. ಹಾಮೊನ್ ಮೂಡಿಸಿದವನು ಕಮ್ಮಾರನಾದರೂ ಅದನ್ನು ನಮ್ಮ ಕಣ್ಣಿಗೆ ಕಾಣುವಂತೆ ಮಾಡುವವನು ಇವನು. ಪ್ರತಿ ಸಾಣೆಗೂ ಹೊರ ಉಕ್ಕು ಸವೆಯುತ್ತದೆ, ಆದ್ದರಿಂದ ಸುಮ್ಮಸುಮ್ಮನೆ ಸಾಣೆ ಹಿಡಿಸಬಾರದು.

ಒರೆಯ ಮರ ಹೊನೋಕಿ. ನಮ್ಮ ಸಂಪಿಗೆಯ ಕುಲದ್ದೇ. ಮೆತ್ತಗಿದೆ, ಅಲಗನ್ನು ಗೀರುವುದಿಲ್ಲ. ವರ್ಷಗಟ್ಟಲೆ ಒಣಗಿಸಿದ ಮರದ ಎರಡು ಹೋಳುಗಳನ್ನು ಅನ್ನದ ಅಂಟಿನಿಂದ ಕೂಡಿಸುತ್ತಾರೆ. ಬಲವಾದ ಅಂಟು ಬೇಕೆಂದೇ ಬಳಸುವುದಿಲ್ಲ. ಒಳಗೆ ತುಕ್ಕು ಸೇರಿದರೆ ಒರೆಯನ್ನು ಬಿಚ್ಚಿ ತೊಳೆಯಲು ಬರಬೇಕಲ್ಲ.

ಪ್ರಶ್ನೆ: ಟೋಕಿಯೊದಲ್ಲಿ ಕೆಲಸದಲ್ಲಿದ್ದೇನೆ. ಕತ್ತಿ ಕೊಂಡು ಊರಿಗೆ ತರಬಹುದೇ? ನೋಡಿಕೊಳ್ಳುವುದು ಹೇಗೆ?

ಕೊಳ್ಳುವ ಮೊದಲು ನೋಡಿ: ಸುಮಿದಾದ ರ್‍ಯೋಗೋಕುವಿನಲ್ಲಿರುವ ಕತ್ತಿ ಸಂಗ್ರಹಾಲಯ ನಿಮಗೆ ಹತ್ತಿರ. ಒಕಾಯಾಮಾ ಪ್ರಾಂತ್ಯದ ಒಸಾಫುನೆಯಲ್ಲಿ ಸಂಗ್ರಹಾಲಯದ ಜೊತೆಗೆ ಕಮ್ಮಾರರು ಕೆಲಸ ಮಾಡುವುದನ್ನೂ ಕಾಣಬಹುದು.

ತರುವುದಕ್ಕೆ ಎರಡು ಕಡೆ ಕಾಗದಪತ್ರ ಬೇಕು. ಜಪಾನಿನಲ್ಲಿ ನೋಂದಣಿ ಚೀಟಿ ಹಿಂತಿರುಗಿಸಿ ಸಂಸ್ಕೃತಿ ಇಲಾಖೆಯ ರಫ್ತು ಪತ್ರ ಪಡೆಯಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆ ಕತ್ತಿಗೂ ಅನ್ವಯಿಸುತ್ತದೆ. ದುಡ್ಡು ಕೊಡುವ ಮೊದಲೇ ಕಸ್ಟಮ್ಸ್ ಮತ್ತು ನಿಮ್ಮ ಜಿಲ್ಲೆಯ ಪರವಾನಗಿ ಅಧಿಕಾರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಆರೈಕೆ ಸುಲಭ, ಆದರೆ ಬಿಡದೆ ಮಾಡಬೇಕು. ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳ ಗುರುತೇ ತುಕ್ಕಾಗುತ್ತದೆ. ಕೆಲವು ತಿಂಗಳಿಗೊಮ್ಮೆ ಹಳೆಯ ಎಣ್ಣೆಯನ್ನು ಮೆತ್ತನೆಯ ಕಾಗದದಿಂದ ಬೆನ್ನಿನ ಕಡೆಯಿಂದ ಹಿಡಿದು ಬುಡದಿಂದ ತುದಿಗೆ ಒರೆಸಿ, ಹೊಸದಾಗಿ ಮಂಜಿನಷ್ಟು ತೆಳುವಾಗಿ ಸವರಿ. ಕರಾವಳಿಯ ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಚೋಜಿ ಎಣ್ಣೆ ಎಂದರೆ ಲವಂಗದ ವಾಸನೆಯ ಖನಿಜ ತೈಲ, ಔಷಧಿ ಅಂಗಡಿಯ ಲವಂಗದೆಣ್ಣೆ ಅಲ್ಲ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಹಳಸಿ ಉಕ್ಕನ್ನು ತಿನ್ನುತ್ತದೆ. ಹಿಡಿಯನ್ನು ಕಟ್ಟಿಹಾಕಿರುವ ಮೆಕುಗಿ ಎಂಬ ಬಿದಿರು ಮೊಳೆ ಸಡಿಲಾಗಿದೆಯೇ ಎಂದು ಪ್ರತಿ ಸಲ ನೋಡಿ. ಅದನ್ನು ತೆಗೆದರೆ ಹಿಡಿಯೊಳಗಿನ ಬಾಲ ಕಾಣುತ್ತದೆ, ಕಮ್ಮಾರ ಉಳಿಯಿಂದ ಕೆತ್ತಿದ ಹೆಸರು ಇರುವುದು ಅಲ್ಲೇ. ಹಳೆಯ ಕತ್ತಿಯಾದರೆ ಆ ಬಾಲದ ತುಕ್ಕನ್ನು ಉಜ್ಜಿ ತೆಗೆಯಬೇಡಿ. ಕತ್ತಿ ಯಾವ ಕಾಲದ್ದೆಂದು ತಿಳಿಯಲು ತಜ್ಞರು ನೋಡುವುದರಲ್ಲಿ ಆ ತುಕ್ಕಿನ ಬಣ್ಣವೂ ಒಂದು.